ಬೇಗಂಪೇಟೆಯಿಂದ ದೇವನಹಳ್ಳಿಗೆ: ದೂರದ ಲೆಕ್ಕ, ಹೊತ್ತಿನ ಲೆಕ್ಕ



ಹೋದ ಬೇಸಿಗೆಯ ಒಂದು ಸಂಜೆ ಮಕ್ತಲ್ ಕಡೆಯ ನಮ್ಮೂರಿನಲ್ಲಿ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದೆ. ನಮ್ಮ ಅಕ್ಕನ ಮೊಮ್ಮಗ ಮೇಲೆ ಹೋಗುತ್ತಿದ್ದ ವಿಮಾನ ತೋರಿಸಿ, "ತಾತಾ, ಅದಿ ಬೆಂಗಳೂರುಕಿ ಎಂತಸೇಪಟ್ಲೋ ಪೋತುಂದಿ?" ಅಂದ. ಮನೆಯೊಳಗೆ ನಾನು ಅವನಿಗೆ ಮುತ್ಯಾ. ಶಾಲೆಯ ಗೆಳೆಯರು ಜೊತೆಗಿದ್ದರೆ ತಾತ. ಆ ವಿಮಾನ ಬೆಂಗಳೂರಿಗೇ ಹೋಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆದರೆ ಹೈದರಾಬಾದಿನಿಂದ ಬೆಂಗಳೂರಿಗೆ ವಿಮಾನ ಎಷ್ಟು ಹೊತ್ತಿಗೆ ಮುಟ್ಟುತ್ತದೆಂಬುದನ್ನು ನಾನು ಒಂದು ಸಲ ದುಡ್ಡು ಕೊಟ್ಟು ಕಲಿತವನು. ಆ ಪಾಠವನ್ನೂ, ಅದರ ಹಿಂದಿನ ಇತಿಹಾಸವನ್ನೂ ಇವತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಅಂಕಿ ಹೇಳಿಬಿಡುತ್ತೇನೆ. ಹೈದರಾಬಾದಿನ ಶಂಷಾಬಾದ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 455 ಕಿ.ಮೀ. ಪೈಲಟರು ಕಿಲೋಮೀಟರಿನಲ್ಲಿ ಎಣಿಸುವುದಿಲ್ಲ, ಸಮುದ್ರಮೈಲಿಯಲ್ಲಿ ಎಣಿಸುತ್ತಾರೆ. ಅದರಲ್ಲಿ ಹೇಳುವುದಾದರೆ ಸುಮಾರು 245. ನಮ್ಮ ಹಿರಿಯರ ಹರದಾರಿಯ ಲೆಕ್ಕದಲ್ಲಿ, ಹರದಾರಿಗೆ ಮೂರು ಮೈಲಿಯಂತೆ ಹಿಡಿದರೆ, ತೊಂಬತ್ತೈದು ಹರದಾರಿಯ ಆಸುಪಾಸು. ಜೆಟ್ ವಿಮಾನ ನೆಲ ಬಿಟ್ಟು ನೆಲ ಮುಟ್ಟುವುದಕ್ಕೆ ಐವತ್ತು ನಿಮಿಷದಷ್ಟು ಬೇಕು. ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಹತ್ತು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಬರೆದಿರುತ್ತದೆ. ನಿಂತ ಜಾಗದಿಂದ ಓಡುದಾರಿಯ ತುದಿಗೆ ಉರುಳಿಕೊಂಡು ಹೋಗುವುದು, ಸರದಿಗೆ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲ ಅದರಲ್ಲಿ ಸೇರಿದೆ. ಇನ್ನೊಂದು ಮಾತು, ಈ ದಾರಿ ಬಹುತೇಕ ಉತ್ತರದಿಂದ ದಕ್ಷಿಣಕ್ಕೆ. ಪಶ್ಚಿಮದ ಗಾಳಿ ಇದಕ್ಕೆ ಅಡ್ಡಲಾಗಿ ಬೀಸುತ್ತದೆಯೇ ಹೊರತು ಎದುರಿಗೋ ಬೆನ್ನಿಗೋ ಅಲ್ಲ. ಅದಕ್ಕೇ ಹೋಗುವ ಹೊತ್ತಿಗೂ ಬರುವ ಹೊತ್ತಿಗೂ ಹೆಚ್ಚು ಅಂತರವಿಲ್ಲ.

ನಕಾಶೆಯ ಮೇಲೆ ಅಡ್ಡಪಟ್ಟಿ ಇಟ್ಟು ಗೆರೆ ಎಳೆದರೆ ಅದು ನಮ್ಮ ತಲೆಯ ಮೇಲೆ ಬರುವುದಿಲ್ಲ. ಗದ್ವಾಲಕ್ಕೆ ಹತ್ತಿರ ಹತ್ತಿರ 50 ಕಿ.ಮೀ. ಪೂರ್ವಕ್ಕೆ, ವನಪರ್ತಿಯ ಆಚೆಗೆ ಹಾದು, ಕೃಷ್ಣೆಯನ್ನೂ ತುಂಗಭದ್ರೆಯನ್ನೂ ದಾಟಿ, ಕರ್ನೂಲಿನ ಪೂರ್ವದಿಂದ ದಕ್ಷಿಣಕ್ಕೆ ಇಳಿಯುತ್ತದೆ. ವಿಮಾನಗಳೇನೂ ಅಡ್ಡಪಟ್ಟಿಯ ಮೇಲೆ ಹಾರುವುದಿಲ್ಲ, ಅತ್ತಿತ್ತ ಸರಿಯುತ್ತವೆ. ಆದರೂ ದಾರಿ ಹೆಚ್ಚುಕಡಿಮೆ ಇದೇ.

ಈ ಗೆರೆಯ ಪಕ್ಕದಲ್ಲೇ ಇನ್ನೊಂದು ಹಳೆಯ ಗೆರೆ ಇದೆ. ಅದನ್ನು ಎಳೆದವನು ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಸೇನಾಧಿಕಾರಿ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ನೆಲ ಅಳೆಯಲು ತೊಡಗಿದ. ಹೊಲದ ಬಾಂದು ಅಳೆಯುವ ಸರ್ವೆಯವರನ್ನು ನೀವು ನೋಡಿದ್ದೀರಿ. ಅವನದೂ ಅದೇ ಕೆಲಸ, ಆದರೆ ಅವನ ಹೊಲ ಇಡೀ ದೇಶ. ಒಂದು ಭುಜವನ್ನು ಸರಪಳಿಯಿಂದ ಅಳೆದುಕೊಂಡು, ಎರಡು ತುದಿಯಿಂದಲೂ ದೂರದ ಗುಡ್ಡವೊಂದನ್ನು ನೋಡಿ ಕೋನ ಹಿಡಿದರೆ, ಉಳಿದ ಎರಡು ಭುಜಗಳ ಉದ್ದ ಲೆಕ್ಕದಿಂದಲೇ ಸಿಗುತ್ತದೆ. ಗುಡ್ಡದ ತನಕ ನಡೆಯಬೇಕಾಗಿಲ್ಲ. ಹೀಗೆ ತ್ರಿಕೋನಕ್ಕೆ ತ್ರಿಕೋನ ಹೆಣೆಯುತ್ತ ಹೋದರು. ಕೋನ ಹಿಡಿಯುವ ಥಿಯೋಡೊಲೈಟು ಅರ್ಧ ಟನ್ ತೂಕದ್ದು, ಅದನ್ನು ಗುಡ್ಡದಿಂದ ಗುಡ್ಡಕ್ಕೆ ಹೊತ್ತವರು ಆಳುಗಳು. ಲೆಕ್ಕ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಅಲ್ಲಲ್ಲಿ ಮತ್ತೆ ಸರಪಳಿ ಹಾಕುತ್ತಿದ್ದರು. 1804ರಲ್ಲಿ ಬೆಂಗಳೂರಿನ ಬಳಿ ಹಾಗೆ ಅಳೆದರು, 1815ರಲ್ಲಿ ಬೀದರದ ಬಳಿ ಅಳೆದರು.

ಈ ಎರಡೂ ಊರುಗಳ ನಡುವೆ ಬರುವುದು ನಮ್ಮ ಸೀಮೆ. ಅವರು ಹಿಡಿದ ದಾರಿ ಎಪ್ಪತ್ತೆಂಟನೆಯ ರೇಖಾಂಶದ್ದು. ಗದ್ವಾಲ ಅದಕ್ಕೆ ಸ್ವಲ್ಪ ಪಶ್ಚಿಮ, ವನಪರ್ತಿ ಸ್ವಲ್ಪ ಪೂರ್ವ. ಆ ಕಾಲದ ವರದಿಗಳಲ್ಲಿ ಉತ್ತರ ತುದಿಯ ಸ್ಥಳವಾಗಿ ದಾಮರಗಿದ್ದ ಎಂಬ ಹೆಸರು ಬರುತ್ತದೆ. ನಾರಾಯಣಪೇಟೆಯ ಪಕ್ಕದ ದಾಮರಗಿದ್ದದವರು ಹಿಗ್ಗಬೇಡಿರಿ, ಅದು ಬೀದರ ಕಡೆಯದು, ಹದಿನೆಂಟನೆಯ ಅಕ್ಷಾಂಶದ ಮೇಲಿನದು. ಮುಂದೆ ಹಿಮಾಲಯದ ಎತ್ತರದ ಶಿಖರಕ್ಕೆ ಯಾರ ಹೆಸರಿಟ್ಟರೋ ಆ ಜಾರ್ಜ್ ಎವರೆಸ್ಟ್ 1818ರ ಕೊನೆಗೆ ಹೈದರಾಬಾದಿಗೆ ಬಂದು ಲ್ಯಾಂಬ್ಟನ್ನನ ಕೈಕೆಳಗೆ ಸೇರಿದ. ಕೃಷ್ಣಾ-ಗೋದಾವರಿ ನಡುವಿನ ಕಾಡಿನಲ್ಲಿ ಅಳತೆ ಮಾಡುತ್ತ ಜ್ವರ ಹಿಡಿದು ಹಾಸಿಗೆ ಕಂಡ. ಲ್ಯಾಂಬ್ಟನ್ 1823ರಲ್ಲಿ ಹಿಂಗನಘಾಟದಲ್ಲಿ, ಅಳತೆಯ ದಾರಿಯಲ್ಲೇ ತೀರಿಕೊಂಡ. ಇವತ್ತು ವಿಮಾನದ ಯಂತ್ರದಲ್ಲಿ ಒಂದು ಊರಿನ ಅಕ್ಷಾಂಶ ರೇಖಾಂಶ ಒತ್ತಿದರೆ ದೂರ ತಾನೇ ಬರುತ್ತದೆ, ಈಗ ಉಪಗ್ರಹವಿದೆ. ಆದರೆ ಊರುಗಳನ್ನು ಮೊದಲ ಸಲ ನಕಾಶೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂಡಿಸಿದ್ದು ಆ ಸರಪಳಿ ಮತ್ತು ಆಳುಗಳ ಹೆಗಲು.

ಅದಕ್ಕೂ ಮೊದಲು ದೂರವನ್ನು ಎಣಿಸುತ್ತಿದ್ದುದು ದಿನದಲ್ಲಿ. ಹದಿನೇಳನೆಯ ಶತಮಾನದಲ್ಲಿ ವಜ್ರದ ವ್ಯಾಪಾರಕ್ಕೆ ಬಂದ ಫ್ರೆಂಚ್ ಪ್ರವಾಸಿ ಟಾವರ್ನಿಯೆ, ರಾವೋಲಕೊಂಡ ಎಂಬ ಗಣಿ ಗೋಲ್ಕೊಂಡದಿಂದ ಐದು ದಿನದ ದಾರಿ ಎಂದು ಬರೆದಿದ್ದಾನೆ. ಕರ್ನೂಲಿನ ದಕ್ಷಿಣಕ್ಕಿರುವ ರಾಮಳ್ಳಕೋಟವೇ ಅದೆಂದು ಪಂಡಿತರು ಗುರುತಿಸಿದ್ದಾರೆ. ನೇರ ಗೆರೆಯಲ್ಲಿ ಅದು ಇನ್ನೂರು ಕಿ.ಮೀ. ಅಂದರೆ ದಿನಕ್ಕೆ ನಲವತ್ತು. ಈಗಿನ ವಿಮಾನ ಇಪ್ಪತ್ತೈದು ನಿಮಿಷದೊಳಗೆ ಆ ಊರಿನ ಪಕ್ಕ ಹಾದುಹೋಗುತ್ತದೆ.

ಇನ್ನು ವಿಮಾನದ ಕಥೆಗೆ ಬರೋಣ. ಕನ್ನಡ ನೆಲದ ಮೇಲೆ ಟಪಾಲಿನ ವಿಮಾನ ಮೊದಲು ಇಳಿದದ್ದು ಬೆಂಗಳೂರಿನಲ್ಲಿ ಅಲ್ಲ, ಬಳ್ಳಾರಿಯಲ್ಲಿ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಟಪಾಲು ಹೊತ್ತು ಅಹಮದಾಬಾದಿನ ಮೇಲೆ ಮುಂಬಯಿಯ ಜುಹೂಗೆ ಬಂದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಿಗಳಲ್ಲಿ. ಮುಂಬಯಿಯಿಂದ ಮುಂದಕ್ಕೆ ಟಪಾಲು ಒಯ್ದವರು ನೆವಿಲ್ ವಿನ್ಸೆಂಟ್. ಅವರು ಆ ರಾತ್ರಿ ಬಳ್ಳಾರಿಯಲ್ಲಿ ತಂಗಿ ಮರುದಿನ ಮದ್ರಾಸು ಮುಟ್ಟಿದರು. ಪುಸ್ ಮಾತ್ ಎಂಬ ಸಣ್ಣ ಒಂಟಿ ಎಂಜಿನಿನ ವಿಮಾನ, ಗಂಟೆಗೆ ನೂರು ಮೈಲಿಯ ಆಸುಪಾಸು ಓಟ. ಮುಂಬಯಿಯಿಂದ ಬಳ್ಳಾರಿಗೆ ನೇರ ಗೆರೆಯಲ್ಲಿ ಆರು ನೂರು ಕಿ.ಮೀ.ಗೂ ಸ್ವಲ್ಪ ಹೆಚ್ಚು. ನಾಲ್ಕು ತಾಸಿನ ಹಾರಾಟ, ಅದೂ ಕತ್ತಲಾಗುವುದರೊಳಗೆ ಮುಗಿಯಬೇಕು, ಯಾಕೆಂದರೆ ರಾತ್ರಿ ದಾರಿ ತೋರಿಸುವ ದೀಪಗಳಿರಲಿಲ್ಲ. ಬಳ್ಳಾರಿ ಆಗ ಮದ್ರಾಸು ಪ್ರಾಂತದಲ್ಲಿತ್ತು, ನಾವು ನಿಜಾಮರ ರಾಜ್ಯದಲ್ಲಿದ್ದೆವು. ಕೆಲವು ವರ್ಷಗಳಲ್ಲಿ ಆ ಟಪಾಲಿನ ದಾರಿ ಬಳ್ಳಾರಿಯನ್ನು ಬಿಟ್ಟು ಹೈದರಾಬಾದಿನ ಮೇಲೆ ಸಾಗತೊಡಗಿತು. ನಿಜಾಮರ ಸರಕಾರ ಮೂವತ್ತರ ದಶಕದಲ್ಲಿ ಬೇಗಂಪೇಟೆಯ ನಿಲ್ದಾಣವನ್ನು ಬೆಳೆಸಿತು.

ಹೈದರಾಬಾದಿಗೆ ತನ್ನದೇ ವಿಮಾನ ಕಂಪನಿ ಬಂದದ್ದು 1945ರಲ್ಲಿ. ಹೆಸರು ಡೆಕ್ಕನ್ ಏರ್‌ವೇಸ್, ನಿಜಾಮರ ಸರಕಾರ ಮತ್ತು ಟಾಟಾದವರ ಪಾಲುದಾರಿಕೆ. 1946ರಲ್ಲಿ ಸಂಚಾರ ಶುರುವಾಯಿತು. ಅದರ ಊರುಗಳಲ್ಲಿ ಬೆಂಗಳೂರೂ ಸೇರಿತ್ತು. ವಿಮಾನಗಳು ಡಕೋಟಾಗಳು, ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕಂಥವು. ಬೇಗಂಪೇಟೆಯಿಂದ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 505 ಕಿ.ಮೀ. ಡಕೋಟಾದ ಓಟಕ್ಕೆ ಅದು ಎರಡು ತಾಸಿನ ದಾರಿ. ತೀರ ಎತ್ತರ ಹಾರುವ ವಿಮಾನವಲ್ಲ ಅದು, ಒಳಗಿನ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲ. ಬೇಸಿಗೆಯ ಮಧ್ಯಾಹ್ನ ಕಾದ ನೆಲದ ಮೇಲೆ ಹಾರಿದರೆ ಕುಲುಕಾಟವೇ ಕುಲುಕಾಟ.

ಈ ಕಂಪನಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪ್ರೇಮ್ ಮಾಥುರ್ ಎಂಬ ಯುವತಿ ಪೈಲಟ್ ಲೈಸೆನ್ಸು ಪಡೆದು ಎಂಟು ಕಂಪನಿಗಳ ಬಾಗಿಲು ತಟ್ಟಿದಳು. ಹೆಂಗಸು ಓಡಿಸುವ ವಿಮಾನಕ್ಕೆ ಯಾರು ಹತ್ತುತ್ತಾರೆ ಎಂದು ಎಲ್ಲರೂ ಹಿಂದಕ್ಕೆ ಕಳಿಸಿದರು. 1947ರಲ್ಲಿ ಕೆಲಸ ಕೊಟ್ಟದ್ದು ನಮ್ಮ ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ದೇಶದಲ್ಲಿ ಪ್ರಯಾಣಿಕರ ವಿಮಾನ ನಡೆಸಿದ ಮೊದಲ ಮಹಿಳೆ ಆಕೆ. ನಿಜಾಮಶಾಹಿಯ ಮೇಲೆ ನಮಗೆ ಹೇಳಲು ಬೇಕಾದಷ್ಟು ದೂರುಗಳಿವೆ. ಇದೊಂದು ಮಾತ್ರ ಒಳ್ಳೆಯ ಖಾತೆಗೆ ಬರೆಯಬೇಕು.

ಕೆಟ್ಟ ಖಾತೆಗೆ ಬರೆಯಬೇಕಾದದ್ದೂ ಆಕಾಶದಲ್ಲೇ ಇದೆ. 1948ರಲ್ಲಿ ಹೈದರಾಬಾದು ಭಾರತ ಒಕ್ಕೂಟಕ್ಕೆ ಸೇರಲು ಒಪ್ಪದೆ ಕುಳಿತಾಗ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವಿಮಾನಿ ರಾತ್ರಿ ಹೊತ್ತು ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಬಂದೂಕು ಮದ್ದುಗುಂಡು ತಂದು ಬೀದರ, ವರಂಗಲ್ಲುಗಳ ಓಡುದಾರಿಯಲ್ಲಿ ಇಳಿಸುತ್ತಿದ್ದ. ಕರಾಚಿಯಿಂದ ಬೀದರಕ್ಕೆ ನೇರ ಗೆರೆಯಲ್ಲಿ 1,300 ಕಿ.ಮೀ.ಗೂ ಮೇಲೆ, ಒಂದೇ ಹಾರಾಟ. ಆ ರಜಾಕಾರರ ಕಾಲದಲ್ಲಿ ರಾತ್ರೋರಾತ್ರಿ ಗಂಟು ಕಟ್ಟಿಕೊಂಡು ಊರು ಬಿಟ್ಟ ಮನೆಗಳು ನಮ್ಮಲ್ಲೂ ಇವೆ. ಅವರಿಗೆ ಹೊಳೆಯ ಆಚೆಯ ದಡ ಮುಟ್ಟುವುದೇ ದೊಡ್ಡ ದೂರ. ಸೆಪ್ಟೆಂಬರ್ 13ಕ್ಕೆ ಶುರುವಾದ ಪೋಲೀಸ್ ಕಾರ್ಯಾಚರಣೆ ಐದು ದಿನದೊಳಗೆ ಮುಗಿಯಿತು. 1953ರಲ್ಲಿ ದೇಶದ ವಿಮಾನ ಕಂಪನಿಗಳನ್ನೆಲ್ಲ ಸರಕಾರ ವಹಿಸಿಕೊಂಡಾಗ ಡೆಕ್ಕನ್ ಏರ್‌ವೇಸ್ ಕೂಡ ಇಂಡಿಯನ್ ಏರ್‌ಲೈನ್ಸಿನಲ್ಲಿ ಕರಗಿಹೋಯಿತು.

ಮೂರು ವರ್ಷ ಬಿಟ್ಟು, 1956ರ ನವೆಂಬರ್ 1ರಂದು, ಹೈದರಾಬಾದು ರಾಜ್ಯವನ್ನು ಭಾಷೆಯ ಮೇಲೆ ಪಾಲು ಮಾಡಿದರು. ರಾಯಚೂರು, ಗುಲಬರ್ಗಾ, ಬೀದರ ಮೈಸೂರಿಗೆ ಹೋದವು. ಅಲ್ಲಿಯತನಕ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಮಹಬೂಬನಗರಕ್ಕೆ ಸೇರಿದವು. ಮಕ್ತಲ್, ನಾರಾಯಣಪೇಟೆ ಇದ್ದಲ್ಲೇ ಉಳಿದವು. ಒಂದೇ ಮನೆಯ ಅಣ್ಣನಿಗೆ ರಾಜಧಾನಿ ಬೆಂಗಳೂರಾಯಿತು, ತಮ್ಮನಿಗೆ ಹೈದರಾಬಾದೇ ಉಳಿಯಿತು. ಸೈದಾಪುರದ ಸ್ಟೇಷನ್ನಿಗೆ ನಾರಾಯಣಪೇಟ ರೋಡ್ ಎಂಬ ಹೆಸರಿತ್ತು. ಪೇಟೆ ಈ ರಾಜ್ಯದಲ್ಲಿ, ಅದರ ರೋಡು ಆ ರಾಜ್ಯದಲ್ಲಿ! ಎರಡು ರಾಜಧಾನಿಗಳ ನಡುವೆ ವಿಮಾನ ದಿನವೂ ಹಾರಿತು. ಅದರ ಕೆಳಗೆ ಗದ್ವಾಲಕ್ಕೂ ರಾಯಚೂರಿಗೂ ನೇರ ಗೆರೆಯಲ್ಲಿ ಐವತ್ತು ಕಿ.ಮೀ. ಕೂಡ ಇಲ್ಲ, ಆ ಎರಡು ಊರುಗಳ ನಡುವೆ ರೈಲು ಓಡಿದ್ದು 2013ರಲ್ಲಿ. ಮುಂಬಯಿ ಕಡೆಯ ಹಳಿಯೂ ಮದ್ರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ದೂರದ ಊರುಗಳು ಹತ್ತಿರವಾದವು, ಪಕ್ಕದ ಊರು ದೂರವೇ ಉಳಿಯಿತು. ಪಂಚದೇವಪಹಾಡದಿಂದ ಕುರುಗಡ್ಡಿಗೆ ಹೋಗುವವರು ಹರಿಗೋಲನ್ನೇ ನಂಬಿದವರು. ನಮ್ಮ ಹರಿಗೋಲು, ತೆಲುಗರ ಪುಟ್ಟಿ, ಎರಡೂ ಒಂದೇ.

2008 ಬಂತು. ಮಾರ್ಚ್‌ನಲ್ಲಿ ಹೈದರಾಬಾದಿನ ನಿಲ್ದಾಣ ಬೇಗಂಪೇಟೆಯಿಂದ ಶಂಷಾಬಾದಕ್ಕೆ ಹೋಯಿತು, ಮೇ ತಿಂಗಳಲ್ಲಿ ಬೆಂಗಳೂರಿನದು ದೇವನಹಳ್ಳಿಗೆ ಹೋಯಿತು. ಶಂಷಾಬಾದ ಹೈದರಾಬಾದಿನ ದಕ್ಷಿಣಕ್ಕಿದೆ, ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕಿದೆ. ಅಂದರೆ ಎರಡು ನಿಲ್ದಾಣಗಳು ಒಂದರ ಕಡೆಗೆ ಒಂದು ನಡೆದು ಬಂದಂತಾಯಿತು. ಆಕಾಶದ ದಾರಿ 505ರಿಂದ 455ಕ್ಕೆ ಇಳಿಯಿತು. ಐವತ್ತು ಕಿ.ಮೀ. ಉಳಿಯಿತಲ್ಲ ಎಂದು ನೀವು ಕೇಳಬಹುದು. ಜೆಟ್ ವಿಮಾನಕ್ಕೆ ಅದು ನಾಲ್ಕು ನಿಮಿಷ. ಆದರೆ ಆಕಾಶದಲ್ಲಿ ಉಳಿದ ಐವತ್ತನ್ನು ಪಟ್ಟಣದವರು ನೆಲದ ಮೇಲೆ ಕಾರಿನಲ್ಲಿ, ಬಸ್ಸಿನಲ್ಲಿ ತೀರಿಸಬೇಕಾಯಿತು, ಅದೂ ತಾಸುಗಟ್ಟಲೆ. ಇದರಲ್ಲಿ ಲಾಭವಾದದ್ದು ಯಾರಿಗೆಂದರೆ, ಹೇಳಿದರೆ ನಗುತ್ತೀರಿ, ನಮಗೆ. ಮಹಬೂಬನಗರದ ಕಡೆಯಿಂದ ಹೋಗುವವರಿಗೆ ಶಂಷಾಬಾದ ಶಹರಕ್ಕಿಂತ ಮೊದಲೇ ಸಿಗುತ್ತದೆ. ಬೇಗಂಪೇಟೆಗೆ ಹೋಗಬೇಕಾದರೆ ಇಡೀ ಶಹರ ದಾಟಬೇಕಿತ್ತು.

ನಮ್ಮಿಂದ ಎಷ್ಟು ಮಂದಿ ವಿಮಾನ ಹತ್ತುತ್ತಾರೆ ಎಂಬುದು ಬೇರೆ ಮಾತು. ಪಾಲಮೂರು ಕೂಲಿ ಎಂಬ ಹೆಸರೇ ಇದೆಯಲ್ಲ. ಅಣೆಕಟ್ಟು, ಕಾಲುವೆ, ಮುಂಬಯಿ-ಪುಣೆಯ ಕಟ್ಟಡ, ಬೆಂಗಳೂರಿನ ಕಟ್ಟಡ, ಎಲ್ಲಿ ಕೆಲಸವಿದೆಯೋ ಅಲ್ಲಿಗೆ ನಮ್ಮ ಜನ ಗಂಟು ಕಟ್ಟಿಕೊಂಡು ಹೋದರು. ನಮ್ಮ ಅಕ್ಕ-ಭಾವ ಹಾಗೆ ಬೆಂಗಳೂರಿಗೆ ಹೋದವರು.

2011ರ ಮಳೆಗಾಲದಲ್ಲಿ ಒಂದು ಬೆಳಗಿನ ಜಾವ ಐದಕ್ಕೆ ಫೋನು ಬಂತು. ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಕೂಡಲೇ ಬಾ ಎಂದು. ರಾಯಚೂರಿಗೆ ಹೋಗಿ ರಾತ್ರಿಯ ರೈಲು ಹಿಡಿದರೆ ಮರುದಿನ ಬೆಳಿಗ್ಗೆ ಬೆಂಗಳೂರು. ನನ್ನ ಮಗ ಹೈದರಾಬಾದಿನಲ್ಲಿದ್ದ. "ಅಪ್ಪಾ, ವಿಮಾನದಾಗ ಹೋಗು, ಒಂದ್ ತಾಸಿನ ದಾರಿ" ಅಂದ. ಟಿಕೇಟನ್ನೂ ಅವನೇ ತೆಗೆದ. ಮಕ್ತಲಿನಲ್ಲಿ ಏಳಕ್ಕೆ ಬಸ್ಸು ಹತ್ತಿದೆ. ಶಂಷಾಬಾದದಲ್ಲಿ ಇಳಿದಾಗ ಹನ್ನೊಂದೂವರೆ. ನಿಲ್ದಾಣದೊಳಗೆ ಹೋದಾಗ ಹನ್ನೆರಡು ದಾಟಿತ್ತು. ವಿಮಾನ ಮೂರೂವರೆಗೆ. ಮೂರಕ್ಕೆ ಹೋಗಿ ಕೇಳಿದರೆ ಎರಡು ತಾಸು ತಡ ಅಂದರು. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಅಲ್ಲಿ ನೀರಿನ ಬಾಟಲಿಯ ಬೆಲೆ ಕೇಳಿ ಬಾಯಾರಿಕೆ ಹಾಗೇ ಇಟ್ಟುಕೊಂಡು ಕೂತೆ. ಐದೂವರೆಗೆ ವಿಮಾನ ಎದ್ದಿತು. ಕಿಟಕಿಯಿಂದ ಕೆಳಗೆ ನೋಡಿದೆ, ಎಲ್ಲ ಮೋಡ. ಕೃಷ್ಣೆ ಯಾವಾಗ ಹೋಯಿತೋ ತುಂಗಭದ್ರೆ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಆರೂವರೆಗೆ ದೇವನಹಳ್ಳಿಯಲ್ಲಿ ಇಳಿದೆ. ಅಲ್ಲಿಂದ ಬಸ್ಸು, ಮತ್ತೊಂದು ಬಸ್ಸು, ಆಟೋ. ಆಸ್ಪತ್ರೆಯ ಬಾಗಿಲಿಗೆ ಬಂದಾಗ ರಾತ್ರಿ ಒಂಬತ್ತೂವರೆ. ಹದಿನಾಲ್ಕೂವರೆ ತಾಸಿನಲ್ಲಿ ವಿಮಾನ ಆಕಾಶದಲ್ಲಿದ್ದದ್ದು ಒಂದು ತಾಸು.

ಅಕ್ಕನಿಗೆ ಎಚ್ಚರವಿತ್ತು. "ಹ್ಯಾಂಗ ಬಂದಿ ತಮ್ಮಾ?" ಅಂದಳು. ವಿಮಾನದಾಗ ಬಂದೆ ಅಂದೆ. "ಅಷ್ಟ್ ರೊಕ್ಕ ಯಾಕ ಹಾಕಿದಿ" ಅಂತ ಬೈದಳು. ಆಮೇಲೆ, "ಮ್ಯಾಲಿಂದ ನಮ್ಮೂರು ಕಾಣತದೇನು?" ಎಂದು ಕೇಳಿದಳು. ಕಾಣಿಸಿತು ಅಂದೆ. ಮೂರನೆಯ ದಿನ ಹೋಗಿಬಿಟ್ಟಳು. ರೈಲಿನಲ್ಲಿ ಬಂದಿದ್ದರೂ ಅವಳು ನನಗೆ ಸಿಗುತ್ತಿದ್ದಳು, ಹತ್ತು ತಾಸು ತಡವಾಗುತ್ತಿತ್ತು, ಅಷ್ಟೇ. ಈ ಲೆಕ್ಕವನ್ನು ನಾನು ಬಹಳ ಸಲ ಹಾಕಿದ್ದೇನೆ. ಆ ಹತ್ತು ತಾಸಿನಲ್ಲೇ ಅವಳು ಹೆಚ್ಚು ಮಾತಾಡಿದ್ದು.

ಆಮೇಲೆ ಇನ್ನೂ ಎರಡು ನಿಲ್ದಾಣಗಳು ನಮ್ಮ ಸುತ್ತ ಬಂದವು. ಕಲಬುರಗಿಯದು 2019ರ ನವೆಂಬರಿನಲ್ಲಿ, ಕರ್ನೂಲಿನ ಓರ್ವಕಲ್ಲಿನದು 2021ರ ಮಾರ್ಚ್‌ನಲ್ಲಿ. ನೇರ ಗೆರೆಯಲ್ಲಿ ನಾರಾಯಣಪೇಟೆಗೆ ಕಲಬುರಗಿಯ ನಿಲ್ದಾಣ ಸುಮಾರು 85 ಕಿ.ಮೀ., ಶಂಷಾಬಾದವಾದರೆ 110ರ ಮೇಲೆ. ಗದ್ವಾಲಕ್ಕೆ ಓರ್ವಕಲ್ಲು 70ರ ಒಳಗೆ, ಶಂಷಾಬಾದ 130. ಆದರೆ ಸಣ್ಣ ನಿಲ್ದಾಣಗಳ ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ಮನೆ ಬಿಡುವ ಮೊದಲು ವಿಚಾರಿಸಿಕೊಳ್ಳಿರಿ. ದೂರ ಕಡಿಮೆ ಎಂದು ಹೊತ್ತೂ ಕಡಿಮೆ ಎಂದು ಹಿಡಿಯಬೇಡಿರಿ.

ನಮಗೆ ನಿಜವಾಗಿ ಹೊತ್ತು ಉಳಿಸಿದ್ದು ಬೇರೊಂದು. ಮಹಬೂಬನಗರ-ಮುನಿರಾಬಾದ್ ಹಳಿ ಮಂಜೂರಾದದ್ದು 1997-98ರಲ್ಲಿ. ದೇವರಕದ್ರದಿಂದ ಅದು ಜಕ್ಲೇರು ಮುಟ್ಟಿತು, ಮಕ್ತಲ್ ಮುಟ್ಟಿತು. ಜಕ್ಲೇರಿನಿಂದ ಕೃಷ್ಣಾ ಸ್ಟೇಷನ್ನಿನ ತನಕ 37 ಕಿ.ಮೀ. ಹಳಿ ರಾಷ್ಟ್ರಕ್ಕೆ ಅರ್ಪಣೆಯಾದದ್ದು 2023ರ ಅಕ್ಟೋಬರ್ 1ರಂದು, ಅದೇ ದಿನ ಕಾಚಿಗುಡ-ರಾಯಚೂರು ರೈಲಿಗೆ ಕೃಷ್ಣಾದಲ್ಲಿ ಹಸಿರು ಬಾವುಟ. ಮಂಜೂರಾತಿಯಿಂದ ಬಾವುಟದ ತನಕ ಇಪ್ಪತ್ತೈದು ವರ್ಷ.

ಕಟ್ಟೆಯ ಮೇಲೆ ಆ ಪ್ರಶ್ನೆ ಕೇಳಿದ ಹುಡುಗನನ್ನು ಮರುವಾರ ಆ ರೈಲಿನಲ್ಲಿ ಮಕ್ತಲಿನಿಂದ ರಾಯಚೂರಿಗೆ ಕರೆದುಕೊಂಡು ಹೋದೆ. ಕೃಷ್ಣಾ ಸ್ಟೇಷನ್ನು ಬಿಟ್ಟು ಸೇತುವೆಯ ಮೇಲೆ ಬಂದಾಗ ಹೊಳೆ ಬತ್ತಿ ಬಂಡೆಗಳು ಕಾಣುತ್ತಿದ್ದವು. ಅವನು ಕೈಗಡಿಯಾರ ನೋಡಿ, ಹೊಳೆ ದಾಟಲು ಎಷ್ಟು ಹೊತ್ತು ಹಿಡಿಯಿತೆಂದು ಎಣಿಸುತ್ತಿದ್ದ. "ಮುತ್ಯಾ, ಈಗ ನಾವು ಯಾವ ರಾಜ್ಯದಾಗ ಇದ್ದೀವಿ?" ಅಂದ. ನಡುನೀರಿನ ಮೇಲಿದ್ದೇವೆ, ಆ ದಡ ಬಂದ ಮೇಲೆ ಹೇಳುತ್ತೇನೆ ಅಂದೆ.